ಮುತ್ಯಾನ ಸತುವಿನ ರೂಪಾಯಿ

ಸಾಬೂನು ಹಚ್ಚಿ ತೊಳೆದರೂ ಬೆರಳಿನಿಂದ ಆ ಕಮಟು ವಾಸನೆ ಹೋಗಿಲ್ಲ. ಹಳೆಯ ನಾಣ್ಯವನ್ನು ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದವರಿಗೆ ಈ ವಾಸನೆ ಗೊತ್ತಿರುತ್ತದೆ. ಉದಗೀರದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಹಾಗೆಯೇ ಹಿಡಿದಿದ್ದೆ. ಜೇಬನ್ನು ನಂಬುವ ಧೈರ್ಯವಾಗಲಿಲ್ಲ. ಕೊಡೆ, ಕನ್ನಡಕ, ಕೊನೆಗೆ ಕೈಯಲ್ಲಿದ್ದ ಟಿಕೇಟನ್ನೂ ಕಳೆದುಕೊಂಡವನು ನಾನು.

ನಾಣ್ಯ ಮುತ್ಯಾನದು, ನಮ್ಮಪ್ಪನ ಅಪ್ಪನದು. ಎರಡನೇ ಮಹಾಯುದ್ಧದ ಕಾಲಕ್ಕೆ ಅವನು ಹೈದರಾಬಾದಿನ ಟಂಕಸಾಲೆಯಲ್ಲಿ ಕುಲುಮೆಗೆ ಇದ್ದಿಲು ಹೊರುತ್ತಿದ್ದನಂತೆ. ಊರಿಗೆ ಬರುವಾಗ ತಂದದ್ದು ಇದೊಂದು ರೂಪಾಯಿ. ದೊಡ್ಡ ಸಾಹೇಬರೇ ನೆನಪಿಗೆಂದು ಕೊಟ್ಟದ್ದು ಎಂದು ಔರಾದ ಸಂತೆಯಲ್ಲಿ ಹೆಮ್ಮೆಯಿಂದ ತೋರಿಸಿದ. ಒಬ್ಬ ಸಾವುಕಾರ ಅದನ್ನು ಕಲ್ಲಿನ ಮೇಲೆ ಒಗೆದು ನೋಡಿದ. ಬೆಳ್ಳಿಯ ನಾದ ಬರಲಿಲ್ಲ. ‘ಖೋಟಾ!’ ಎಂದ. ಸಂತೆಯೆಲ್ಲ ನಕ್ಕಿತು.

ಅಂದಿನಿಂದ ನಮ್ಮ ಕಾಸಾರಶಿರಸಿಯಲ್ಲಿ ಅವನು ಖೋಟಾ ಶಿವಪ್ಪ. ಸತ್ತ ದಿನವೂ ಯಾರೋ ನನ್ನನ್ನೇ ಕೇಳಿದರು: “ಖೋಟಾ ಶಿವಪ್ಪಂದು ಮಣ್ಣು ಎಷ್ಟೊತ್ತಿಗಿ ಅದ?” ಸಿಟ್ಟು ನೆತ್ತಿಗೇರಿತು, ಆದರೂ ಹೊತ್ತು ಹೇಳಿದೆ.

ಮುತ್ಯಾನ ಮಗಳು, ನಮ್ಮ ಸೋದರತ್ತೆ, ಈಗ ತೊಂಬತ್ತರ ಹತ್ತಿರ. ಇವತ್ತು ಬೆಳಿಗ್ಗೆ ಆಕೆಯೇ ಗಂಟು ಬಿಚ್ಚಿ ನಾಣ್ಯ ಕೊಟ್ಟಳು. “ಖರೇ ಏನದ ಕೇಳ್ಕೊಂಡ ಬಾ. ನಾ ಸಾಯೂದ್ರಾಗ ತಿಳೀಬೇಕು.”

ಉದಗೀರದಲ್ಲಿ ಹಳೆಯ ನಾಣ್ಯ ಕೂಡಿಸುವ ಮಾಸ್ತರರೊಬ್ಬರಿದ್ದಾರೆ. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಖೋಟಾ ಅಲ್ರೀ, ಇದು ನಮುನಾ. ಲಡಾಯಿ ಟೈಮಿಗಿ ಚಾಂದಿ ಸಿಗ್ತಿರಲಿಲ್ಲ. ಜಸ್ತ ಅಂದ್ರ ಸತು, ಸೀಸ ಅಂಥಾ ಹಲಕಾ ಧಾತುದಾಗ ಛಾಪಾ ಹೊಡದು ನೋಡ್ತಿದ್ರು. ಪಸಂದ ಆಗ್ಲಿಲ್ಲಂದ್ರ ಬಜಾರಕ್ಕ ಬಿಡ್ತಿರಲಿಲ್ಲ. ಛಾಪಾ ಟಂಕಸಾಲಿದೇ. ಭಾಳ ಅಪರೂಪದ್ದು.”

ಅಂದರೆ ಸಾವುಕಾರ ಪೂರ್ತಿ ತಪ್ಪಿರಲಿಲ್ಲ. ಪೇಟೆಯಲ್ಲಿ ಅದು ನಡೆಯುವ ದುಡ್ಡಲ್ಲ. ಮುತ್ಯಾ ಹೇಳಿದ್ದೂ ನಿಜ. ಹೆಸರು ಕೆಟ್ಟದ್ದು ಮಾತ್ರ ಮುತ್ಯಾನೊಬ್ಬನದೇ. ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದಂತೆ ನನ್ನ ಕಣ್ಣು ತುಂಬಿ ಬಂತು.

ಅತ್ತೆ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಯುದ್ಧ ಗೆದ್ದು ಬಂದವನ ಹಾಗೆ ಎಲ್ಲ ಹೇಳಿದೆ. ಊರಿಗೆಲ್ಲ ಸಾರೋಣ, ಆ ಸಾವುಕಾರನ ಮೊಮ್ಮಕ್ಕಳಿಗೂ ಮುಖಕ್ಕೆ ಹೇಳಿ ಬರುತ್ತೇನೆ ಎಂದೆ. ಆಕೆ ನಾಣ್ಯವನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

“ಮಂದಿದು ಬಿಡು ತಮ್ಮಾ. ಹಾಸಿಗಿ ಹಿಡದಾಗ ಅಪ್ಪ ನನಗ ಒಬ್ಬಾಕಿಗೇ ಕೇಳಿದ್ದ, ‘ನೀ ಏನಂತಿ ಮಗಳಾ, ಅದು ಖೋಟಾ ಏನು?’ ಅಂತ. ನನಗೂ ಅಂವನ ಮ್ಯಾಲ ನಂಬಿಗಿ ಇರಲಿಲ್ಲ. ‘ಗಂಜಿ ಆರ್ತದ, ಕುಡಿ’ ಅಂದೆ.”