ಚಿಲಕ ಹಾಕದೆ ಬಂದ ಮಧ್ಯಾಹ್ನ

ಇಳಕಲ್ಲಿನ ಸಂಗವ್ವನಿಗೆ ಐವತ್ತೆರಡು. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಜೋಡಿಸುವುದು ಅವಳ ಕೆಲಸ. "ಸಂಗವ್ವ ಹಾಕಿದ್ದು ಬಿಚ್ಚಂಗಿಲ್ಲ" ಎಂದು ಓಣಿಯಲ್ಲಿ ಮಾತಿತ್ತು.

ಮಧ್ಯಾಹ್ನ ಉಂಡ ಮೇಲೆ ಕಣ್ಣು ಉರಿಯುತ್ತಿದ್ದವು. ಆಗ ಅರ್ಧ ತಾಸು ದೌಲತಬಿಯ ತೋಟಕ್ಕೆ ಹೋಗಿ ಕೂಡುವಳು. ತೋಟವೆಂದರೆ ಬಜಾರದ ಹಿಂದೆ, ಎರಡು ಪವರ್‌ಲೂಮ್ ಶೆಡ್ಡುಗಳ ನಡುವೆ ಉಳಿದ ಖಾಲಿ ಜಾಗ. ಎರಡು ಬೇವಿನ ಗಿಡ, ಒಂದು ಪೇರಲ, ಸಾಲಾಗಿ ದುಂಡುಮಲ್ಲಿಗೆ, ಒಂದು ಕಲ್ಲಿನ ಬೆಂಚು. ಅಂಗಡಿ ಕಟ್ಟಲು ಎಷ್ಟು ಮಂದಿ ಕೇಳಿದರೂ ದೌಲತಬಿ ಆ ಜಾಗ ಕೊಟ್ಟಿರಲಿಲ್ಲ. ಓಣಿಯವರು ಯಾರು ಬಂದರೂ ಬೇಡ ಅನ್ನುತ್ತಿರಲಿಲ್ಲ. "ಹೋಗುವಾಗ ಚಿಲಕ ಹಾಕ್ರಿ, ಆಡು ಒಳಗ ಬರ್ತಾವ" ಎಂಬುದೊಂದೇ ಅವಳ ಮಾತು.

ದಿನಾ ಬರುವ ಇನ್ನೊಬ್ಬರು ಅಮಾತೆಪ್ಪ. ಬಸ್ ಕಂಡಕ್ಟರ್ ಆಗಿದ್ದವರು, ಈಗ ಎಪ್ಪತ್ತಾರು. ಈಚೆಗೆ ಅವರಿಗೆ ಮರೆವು ಹತ್ತಿತ್ತು. ಒಮ್ಮೊಮ್ಮೆ ಸಂಗವ್ವನನ್ನು ಅವಳ ತಾಯಿಯ ಹೆಸರಿನಿಂದ ಕರೆದು, ಆಮೇಲೆ ತಾವೇ ನಗುತ್ತಿದ್ದರು.

ಹೋದ ಮಾರ್ಚ್‌ನ ಒಂದು ಮಧ್ಯಾಹ್ನ ಅಮಾತೆಪ್ಪ ಬೇಗ ಎದ್ದು ಮನೆಗೆ ಹೋದರು. ಹೋಗುವಾಗ ಚಿಲಕ ಹಾಕಿದ ಸಪ್ಪಳ ಸಂಗವ್ವನಿಗೆ ಕೇಳಿಸಿತ್ತು. ಸ್ವಲ್ಪ ಹೊತ್ತಿಗೆ ಮಗ್ಗದ ಮಾಲಕ ರಾಜಕುಮಾರನ ಫೋನು ಬಂತು. "ಎಳಿ ಹರದಾವ, ಲಗೂನ ಬಾ, ಗಿರಾಕಿ ಕುಂತಾರ." ಅವಳು ಚಪ್ಪಲಿ ಮೆಟ್ಟಿ ಓಡಿದಳು. ಗೇಟನ್ನು ಹಿಂದಕ್ಕೆ ದೂಡಿದ್ದು ನೆನಪಿದೆ. ಚಿಲಕಕ್ಕೆ ಕೈ ಹೋಗಲೇ ಇಲ್ಲ.

ಸಂಜೆ ಕೆಲಸ ಮುಗಿಸಿ ಬರುವಾಗ ಗೇಟಿನ ಮುಂದೆ ಮಂದಿ. ಒಳಗೆ ಏಳೆಂಟು ಆಡು ಮೇಯ್ದು ಹೋಗಿದ್ದವು. ಮಲ್ಲಿಗೆಯ ಸಾಲಿನಲ್ಲಿ ಬರೀ ಕಡ್ಡಿ. ಪೇರಲದ ತೊಗಟೆಯನ್ನೂ ಬಿಟ್ಟಿರಲಿಲ್ಲ. ದೌಲತಬಿ ಅಳುತ್ತಿರಲಿಲ್ಲ, ಮುರಿದ ಟೊಂಗೆಗಳನ್ನು ಆರಿಸುತ್ತಿದ್ದಳು.

"ಕಡೀಕ ಇಲ್ಲಿ ಯಾರಿದ್ರು?" ಎಂದು ಹೂ ಮಾರುವ ಯಮನವ್ವ ಕೇಳಿದಳು.

"ಅಮಾತೆಪ್ಪಜ್ಜ ಇರಬೇಕು. ಅವಗ ತಾ ಉಂಡದ್ದ ನೆನಪಿರಂಗಿಲ್ಲ" ಎಂದರು ಯಾರೋ.

ಆಗಲೇ ಹೇಳಬೇಕಿತ್ತು. ಸಂಗವ್ವ ಮಂದಿಯ ಹಿಂದಕ್ಕೆ ಸರಿದಳು. ಅಷ್ಟರಲ್ಲಿ ಅಮಾತೆಪ್ಪನೇ ಬಂದರು. ಎಲ್ಲರ ಮುಖ ನೋಡಿದರು, ಗಿಡ ನೋಡಿದರು, ದೌಲತಬಿಗೆ ಕೈ ಮುಗಿದರು. "ಮೂವತ್ತು ವರ್ಷ ಬಸ್ಸಿನ ಬಾಗಲಾ ಹಾಕೀನಿ. ಇವತ್ತ ಒಂದು ಚಿಲಕ ಹಾಕಾಕ ಆಗಲಿಲ್ಲ. ತಪ್ಪಾತ್ರೀ ಅಮ್ಮಾ."

ಮರುದಿನ ಗೇಟಿಗೆ ಕೀಲಿ ಬಿತ್ತು.

ಸಂಗವ್ವ ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ನಾಳೆ ಅನ್ನುತ್ತ ಹದಿನೆಂಟು ದಿನ ಹೋದವು. ಗಿಡಕ್ಕಿಂತ ಮುದುಕನದೇ ಅವಳಿಗೆ ಹೆಚ್ಚು ಕಾಡುತ್ತಿತ್ತು. ಅವರ ಸೊಸೆ ಸುಮಾ ಈಗ ಅವರನ್ನು ಒಬ್ಬರನ್ನೇ ಹೊರಗೆ ಬಿಡುತ್ತಿರಲಿಲ್ಲ. ಅವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಒಂದು ದಿನ ಅವಳು ಹಾದುಹೋಗುವಾಗ ಕರೆದು ಕೇಳಿದರು: "ಸಂಗವ್ವಾ, ನಾ ಇವತ್ತ ಉಂಡೀನೇನವಾ?" ಗಲ್ಲಕ್ಕೆ ಅನ್ನದ ಅಗುಳು ಹತ್ತಿತ್ತು.

ಅವಳು ಕೆಲಸಕ್ಕೆ ಹೋಗಲಿಲ್ಲ. ನೆಟ್ಟಗೆ ದೌಲತಬಿಯ ಮನೆಗೆ ಹೋದಳು. "ಅಮ್ಮಾರ, ಚಿಲಕ ಹಾಕದ ಓಡಿ ಹೋದಾಕಿ ನಾನ."

ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ದೌಲತಬಿ ನೋಡಿದಳು. "ಗಿಡ ಮತ್ತ ಚಿಗೀತಾವ. ನನ್ನ ಮುಂದ ಅತ್ತು ಏನ್ಮಾಡ್ತಿ? ಆ ಮುದುಕನ ಕಡೆ ಹೋಗು" ಅಂದಳು. ದನಿಯಲ್ಲಿ ಸಿಟ್ಟಿತ್ತು.

ಹೋದಳು. ಸುಮಾಳ ಎದುರಿಗೇ ಎಲ್ಲ ಹೇಳಿದಳು. ಅಮಾತೆಪ್ಪ ಕೇಳಿ ಮೆಲ್ಲಗೆ ನಕ್ಕರು. "ನನ್ನ ಸಮಾಧಾನಕ್ಕ ಹೇಳ್ತಿ ನೀ. ದೊಡ್ಡ ಮನಸು ನಿಂದು. ನನ್ನ ಕೈಯಿಂದನ ಆಗೇತಿ, ಅಷ್ಟು ನನಗ ನೆನಪೈತಿ."

"ಇಲ್ಲರೀ ಕಾಕಾ, ನಿಮ್ಮಾಣಿ, ನೀವು ಹಾಕಿದ್ದ ಸಪ್ಪಳಾ ನಾ ಕೇಳೀನಿ."

ಅವರು ಅಲ್ಲವೆಂದು ತಲೆಯಾಡಿಸಿದರು. ಆ ಮನೆಯಲ್ಲಿ ನಂಬಿದವಳು ಸುಮಾ ಒಬ್ಬಳೇ. ಬಾಗಿಲತನಕ ಬಂದು, "ಹದಿನೆಂಟು ದಿನ ನಾ ನಮ್ಮ ಮಾವಗ ಬೈದೀನ್ರಿ ಅಕ್ಕಾರ" ಅಂದು ಒಳಗೆ ಹೋದಳು.

ಮಳೆ ಬಿದ್ದ ಮೇಲೆ ದೌಲತಬಿ ತೋಟ ತೆರೆದಳು. ಸುಮಾಳನ್ನು ಕೇಳಿ, ಸಂಗವ್ವ ದಿನಾ ಮಧ್ಯಾಹ್ನ ಅಮಾತೆಪ್ಪನ ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಬರತೊಡಗಿದಳು. ಒಂದು ದಿನ ಯಮನವ್ವ ಅದನ್ನು ನೋಡಿ, "ಮಗಳು ಸುದ್ದಾ ಇಷ್ಟು ಮಾಡಂಗಿಲ್ಲ. ಪುಣ್ಯಾ ಕಟ್ಕೊಂಡಿ ಬಿಡು" ಅಂದಳು.

ಸಂಗವ್ವನಿಗೆ ತಡೆಯಲಾಗಲಿಲ್ಲ. "ಏನ್ ಪುಣ್ಯಾ ಯಕ್ಕಾ? ಅವತ್ತ ಗೇಟ್ ಬಿಟ್ಟು ಹೋದಾಕಿ ನಾನ."

ಯಮನವ್ವ ಅಮಾತೆಪ್ಪನ ಕಡೆ ನೋಡಿದಳು. ಅವರು ಕೈಯಾಡಿಸಿದರು. "ಇಕಿ ಮಾತ ಕೇಳಬ್ಯಾಡ ಯಮನವ್ವಾ. ನನ್ನ ತಪ್ಪು ತನ್ನ ಮ್ಯಾಲ ಹಾಕ್ಕೋತಾಳ."

ಯಮನವ್ವನ ಕಣ್ಣು ತುಂಬಿದವು. ಬುಟ್ಟಿಯಿಂದ ಒಂದು ಮೊಳ ಹೂ ತೆಗೆದು ಸಂಗವ್ವನ ಕೈಯಲ್ಲಿಟ್ಟಳು. ಅದನ್ನು ಮುಡಿಯಲೂ ಆಗದೆ, ಬೇಡ ಅನ್ನಲೂ ಆಗದೆ, ಸಂಗವ್ವ ಹಾಗೇ ಹಿಡಿದುಕೊಂಡು ಕೂತಳು.