ಯಾರ ಪಾಲಿಗೂ ಸೇರದ ತಿಂಗಳು

ಅಜ್ಜಿಯನ್ನು ಹಂಚಿಕೊಂಡ ದಿನ ನನ್ನ ಮೂವರು ಸೋದರಮಾವಂದಿರಲ್ಲಿ ಒಬ್ಬರಿಗೂ ಅಧಿಕ ಮಾಸದ ನೆನಪಾಗಲಿಲ್ಲ. ಹಂಚಿಕೊಂಡ ಎಂದು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಆದರೆ ನಡೆದದ್ದಕ್ಕೆ ಬೇರೆ ಮಾತಿಲ್ಲ.

ತಾತ ತೀರಿಕೊಂಡ ಮೇಲೆ, ಅವರೂ ಅಜ್ಜಿಯೂ ಜಯನಗರದಲ್ಲಿ ಬಹಳ ವರ್ಷ ಬಾಡಿಗೆಗಿದ್ದ ಮನೆಯನ್ನು ಬಿಟ್ಟುಕೊಡುವುದೆಂದಾಯಿತು. ವೈಕುಂಠ ಸಮಾರಾಧನೆಯ ಊಟ ಮುಗಿದು ಎಲೆ ಎತ್ತಿದ್ದೇ ತಡ, ದೊಡ್ಡ ಮಾವ ಗೋಡೆಯ ಮೊಳೆಯಿಂದ ಪಂಚಾಂಗ ತೆಗೆದುಕೊಂಡು ಹಾಲಿನ ಮಧ್ಯೆ ಕುಳಿತರು. ಚೈತ್ರದಿಂದ ಆಷಾಢದವರೆಗೆ ಅಜ್ಜಿ ಜಯನಗರದಲ್ಲೇ ಇದ್ದ ದೊಡ್ಡ ಮಾವನ ಮನೆಯಲ್ಲಿ, ಶ್ರಾವಣದಿಂದ ಕಾರ್ತಿಕದವರೆಗೆ ಬನಶಂಕರಿಯ ನಡುವಿನ ಮಾವನಲ್ಲಿ, ಮಾರ್ಗಶಿರದಿಂದ ಫಾಲ್ಗುಣದವರೆಗೆ ಜೆ.ಪಿ. ನಗರದ ಚಿಕ್ಕ ಮಾವನಲ್ಲಿ.

“ಹಬ್ಬ, ವ್ರತ, ಅಪ್ಪನ ತಿಥಿ ಎಲ್ಲಾ ಪಂಚಾಂಗದ ಪ್ರಕಾರ ಬರತ್ತೆ. ಅಮ್ಮ ಒಬ್ಳೇ ಜನವರಿ ಫೆಬ್ರವರಿ ಅಂತ ಓಡಾಡಿದ್ರೆ ಕನ್‌ಫ್ಯೂಸ್ ಆಗತ್ತೆ,” ಎಂದರು. ಎಲ್ಲರೂ ತಲೆಯಾಡಿಸಿದರು. ಅಜ್ಜಿಯನ್ನು ಯಾರೂ ಕೇಳಲಿಲ್ಲ. ನನ್ನ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಅವಳು ಮಗಳು, ಅವಳಿಗೆ ಪಾಲೂ ಇಲ್ಲ, ಮಾತೂ ಇಲ್ಲ.

ಅಂದಿನಿಂದ ಅಜ್ಜಿಯ ಸಂಸಾರವೆಲ್ಲ ಒಂದು ಕಂದು ಬಣ್ಣದ ಏರ್‌ಬ್ಯಾಗಿನಲ್ಲಿ ಅಡಗಿಹೋಯಿತು. ಯಾವ ಮಗನ ಮನೆಗೆ ಹೋದರೂ ಅದರಿಂದಲೇ ಸೀರೆ ತೆಗೆದು ಉಡುವುದು, ಒಗೆದು ಒಣಗಿಸಿ ಮಡಚಿ ಮತ್ತೆ ಅದಕ್ಕೇ ಹಾಕುವುದು. ಬೀರುವಿನಲ್ಲಿ ಒಂದು ಅರೆಯನ್ನು ಖಾಲಿ ಮಾಡಿಕೊಡುತ್ತೇನೆ ಎಂದು ದೊಡ್ಡತ್ತೆ ಹೇಳಿದ್ದರಂತೆ. ಯಾವಾಗ ಎಂದು ಹೇಳಿರಲಿಲ್ಲ.

ಅಜ್ಜಿ ಸೊಸೆಯಾಗಿ ಹೋದ ಮನೆ ಚನ್ನರಾಯಪಟ್ಟಣದ ಕಡೆಯದು. ಅಲ್ಲಿ ಅವಳ ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕುಳಿತರೆ ಕುಳಿತಲ್ಲಿಂದಲೇ ಮನೆ ನಡೆಸುತ್ತಿದ್ದರು. ನಾಲ್ವರು ಸೊಸೆಯಂದಿರು, ತಿಂಗಳಿಗೊಬ್ಬಳಂತೆ ಅಡುಗೆಮನೆಯ ಸರದಿ. “ಸಾರಿಗೆ ಉಪ್ಪು ಜಾಸ್ತಿ ಆದ್ರೆ ಬೈತಿರ್ಲಿಲ್ಲ ಕಣೆ. ಊಟದ ಮಧ್ಯೆ ಒಂದ್ಸಲ ಕೆಮ್ಮೋರು ಅಷ್ಟೆ. ನಮಗೆ ಕೈಕಾಲು ತಣ್ಣಗಾಗೋದು,” ಎನ್ನುತ್ತಿದ್ದಳು ಅಜ್ಜಿ. ಆ ಕಾಲ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಒಬ್ಬರ ಕೆಮ್ಮಿಗೆ ಹೆದರಿಕೊಂಡು ಹೆಂಗಸೊಬ್ಬಳು ಅರ್ಧ ಆಯುಷ್ಯ ಕಳೆದದ್ದರಲ್ಲಿ ಏನು ಚೆಂದ? ಆದರೆ ಆಗ ಸರದಿ ಸೊಸೆಯರದಾಗಿತ್ತು. ಅಜ್ಜಿ ಅತ್ತೆಯಾಗುವ ಹೊತ್ತಿಗೆ ಸರದಿ ಅತ್ತೆಯದಾಯಿತು. ಎರಡು ಕಾಲದಲ್ಲೂ ತಿರುಗಿದವಳು ಅವಳೇ.

ಮರುವರ್ಷ ಎರಡು ಶ್ರಾವಣ ಬಂದವು. ಮೂರು ವರ್ಷಕ್ಕೊಮ್ಮೆ ಹೀಗೆ ಪಂಚಾಂಗದಲ್ಲಿ ಒಂದು ತಿಂಗಳು ಹೆಚ್ಚಾಗಿ ನುಸುಳುತ್ತದೆ. ಮೊದಲು ಅಧಿಕ ಶ್ರಾವಣ, ಆಮೇಲೆ ನಿಜ ಶ್ರಾವಣ. ಆಷಾಢದ ಅಮಾವಾಸ್ಯೆಗೆ ದೊಡ್ಡ ಮಾವನ ಪಾಲು ಮುಗಿಯಿತು. ನಡುವಿನ ಮಾವನ ಪಾಲು ಶುರುವಾಗುವುದು ಯಾವ ಶ್ರಾವಣದಿಂದ?

ಇಬ್ಬರೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಬಿಟ್ಟು, ಬಿಟಿಎಂ ಲೇಔಟಿನ ನಮ್ಮ ಬಾಡಿಗೆ ಮನೆಗೆ ಫೋನ್ ಮಾಡತೊಡಗಿದರು.

“ಶ್ರಾವಣ ಅಂದ್ರೆ ಶ್ರಾವಣ ಕಣೆ. ನನ್ನ ನಾಲ್ಕು ತಿಂಗಳು ಆಯ್ತು. ಇನ್ನು ಅವನದು,” ದೊಡ್ಡ ಮಾವ.

“ಹಬ್ಬ ಎಲ್ಲಾ ನಿಜ ಶ್ರಾವಣದಲ್ಲಿ ತಾನೆ ಮಾಡೋದು? ಅಮ್ಮನೂ ನಿಜಕ್ಕೇ ಬರ್ಲಿ. ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ ಎಲ್ಲಾ ನಮ್ಮ ತಲೆಗೇ ಕಟ್ಟಿದೀರ. ಮೇಲೆ ಇದೊಂದು ಬೇರೆನಾ?” ನಡುವಿನ ಮಾವ. ಪಕ್ಕದಲ್ಲಿ ಅತ್ತೆ ಹೇಳಿಕೊಡುತ್ತಿದ್ದುದು ನನಗೂ ಕೇಳಿಸುತ್ತಿತ್ತು.

ಅಮ್ಮನೇ ಮಾಡಿದರೂ ಚಿಕ್ಕ ಮಾವ ಫೋನೇ ಎತ್ತಲಿಲ್ಲ.

ದೊಡ್ಡ ಮಾವ ಯಾರೋ ಪುರೋಹಿತರನ್ನೂ ವಿಚಾರಿಸಿದರಂತೆ. ತಾಯಿಯನ್ನು ಮನೆಯಲ್ಲಿಟ್ಟುಕೊಳ್ಳಲು ಇಂಥದೇ ಮಾಸವಾಗಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಅವರು ಹೇಳಿದ್ದಕ್ಕೆ, ಇವರಿಗೇನೂ ಗೊತ್ತಿಲ್ಲ ಎಂದು ಬೈದುಕೊಂಡು ಬಂದರು. ನನಗೆ ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಇವರೆಲ್ಲ ಓದಿದವರು, ಸಂಬಳ ಬರುವವರು, ಸಂಜೆ ಪಾರ್ಕಿನಲ್ಲಿ ನಡೆಯುತ್ತಾ ದೇಶ ಹಾಳಾಯಿತೆಂದು ಚಿಂತಿಸುವವರು.

ಕೊನೆಗೆ ಅಮ್ಮ ಫೋನಿನಲ್ಲಿ ಹೇಳಿಬಿಟ್ಟಳು. “ಅಧಿಕ ಯಾರ ಪಾಲಿಗೂ ಬೇಡ. ನಾನು ಕರ್ಕೊಂಡು ಬರ್ತೀನಿ.”

ಅದುವರೆಗೆ ಯಾವುದಕ್ಕೂ ಒಪ್ಪದಿದ್ದ ಅಣ್ಣಂದಿರು ಇದಕ್ಕೆ ತಕ್ಷಣ ಒಪ್ಪಿದರು.

ಅಜ್ಜಿ ನನ್ನ ಕೋಣೆಗೆ ಬಂದಳು. ಮೊದಲ ದಿನವೇ ನಾನು ಬೀರುವಿನ ಕೆಳಗಿನ ಅರೆಯಿಂದ ನನ್ನ ಕಾಲೇಜಿನ ಪುಸ್ತಕಗಳನ್ನೆಲ್ಲ ತೆಗೆದು ಮಂಚದಡಿ ತಳ್ಳಿದೆ. ಅವಳು ಸ್ವಲ್ಪ ಹೊತ್ತು ಆ ಖಾಲಿ ಅರೆಯನ್ನು ನೋಡಿದಳು. ಆಮೇಲೆ ಏರ್‌ಬ್ಯಾಗನ್ನು ಪೂರ್ತಿ ಬರಿದು ಮಾಡಿ, ಕೊಡವಿ, ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದಳು. ಎದುರಿನ ಪಿಜಿಯ ಹುಡುಗರು ಹಿಂಡದೆ ನೇತುಹಾಕುವ ಬಟ್ಟೆಗಳನ್ನು ಕಂಡು ಅಲ್ಲಿಂದಲೇ ಗದರುವುದು ಅವಳ ದಿನಚರಿಯಾಯಿತು. “ಹಿಂಡ್ರೋ, ಮೈಯಲ್ಲಿ ಶಕ್ತಿ ಇಲ್ವಾ?” ಎಂದರೆ ಅವರು “ಸರಿ ಅಜ್ಜಿ” ಎಂದು ಹಿಂಡುತ್ತಿದ್ದರು. ಮಾವಂದಿರ ಮನೆಗಳಲ್ಲಿ ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

ಅಧಿಕ ಮಾಸದಲ್ಲಿ ಅಳಿಯನಿಗೆ ಕಜ್ಜಾಯ ಕೊಡಬೇಕು. ಮಗಳನ್ನೂ ಅಳಿಯನನ್ನೂ ಮನೆಗೆ ಕರೆದು ಕೊಡುವುದು ರೂಢಿ. ಅಜ್ಜಿ ನಮ್ಮ ಅಡುಗೆಮನೆಯಲ್ಲಿ, ಅಪ್ಪ ತಂದ ಅಕ್ಕಿ ಬೆಲ್ಲದಲ್ಲಿ, ಅಮ್ಮನ ಬಾಣಲೆಯಲ್ಲಿ ಪದ್ಧತಿಯಂತೆ ಮೂವತ್ತಮೂರು ಕಜ್ಜಾಯ ಕರಿದು, ಕಂಚಿನ ಬಟ್ಟಲಲ್ಲಿಟ್ಟು ಅಪ್ಪನ ಮುಂದೆ ಹಿಡಿದಳು.

“ನಮ್ಮನೆಗೆ ಕರೆದು ಕೊಡ್ಬೇಕಿತ್ತು ಅಳಿಯಂದ್ರೆ. ಮನೆ ಎಲ್ಲಿದೆ ನಂಗೆ?”

“ಇದೇ ನಿಮ್ಮನೆ ಅಂದ್ಕೊಳ್ಳಿ ಅತ್ತೆ.”

“ಅಂದ್ಕೊಂಡೇ ಕರಿದಿದ್ದು,” ಎಂದು ಅವಳು ನಕ್ಕಳು. ಅಪ್ಪ ಮುಖ ಆಚೆ ತಿರುಗಿಸಿಕೊಂಡು ಕಜ್ಜಾಯ ತಿಂದರು.

ಮೇಲಿನ ಮನೆಯಲ್ಲಿ ಬಾಗಲಕೋಟೆ ಕಡೆಯಿಂದ ಬಂದವರು ಬಾಡಿಗೆಗಿದ್ದರು. ಆ ಮನೆಯ ಅಕ್ಕನಿಗೂ ಕಜ್ಜಾಯ ಕೊಟ್ಟಾಗ ಅವರು ಬೆರಗಾದರು. “ನಮ್ ಕಡೆ ಅಧಿಕದಾಗ ಮಗಳು ಅಳಿಯನ್ನ ತವರಿಗೆ ಕರೀತಾರ್ರೀ. ನಿಮ್ಮಲ್ಲಿ ಅತ್ತಿನೇ ಅಳಿಯನ ಮನಿಗೆ ಬಂದಾರಲ್ಲ!” ಅವರು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ಅಜ್ಜಿ ಆ ಸಂಜೆ ಬಾಲ್ಕನಿಗೆ ಹೋಗಲಿಲ್ಲ.

ತಿಂಗಳು ಮುಗಿಯುತ್ತಾ ಬಂದಾಗ ಅಮ್ಮ ಧೈರ್ಯ ಮಾಡಿ ದೊಡ್ಡ ಮಾವನಿಗೆ ಫೋನ್ ಮಾಡಿದಳು. ಅಜ್ಜಿ ಇಲ್ಲೇ ಇರಲಿ, ಇನ್ನು ಯಾರಿಗೂ ಓಡಾಟ ಬೇಡ ಎಂದಳು.

“ಏನೇ ಹಾಗಂದ್ರೆ? ಮೂರು ಜನ ಗಂಡುಮಕ್ಕಳಿದ್ದೂ ತಾಯಿನ ಮಗಳ ಮನೇಲಿ ಬಿಟ್ಟಿದಾರೆ ಅಂತ ಜನ ಆಡ್ಕೊಳಲ್ವಾ? ನಮ್ಮ ಮಾನ ಹರಾಜು ಹಾಕ್ತೀಯಾ?”

ನಡುವಿನ ಮಾವನೂ ಅದೇ ಮಾತು. ಚಿಕ್ಕ ಮಾವ ಈ ಸಲ ಫೋನ್ ಎತ್ತಿ ಅದನ್ನೇ ಹೇಳಿದರು. ತಿಂಗಳ ಹಿಂದೆ ಇದೇ ತಾಯಿಯನ್ನು ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ತಳ್ಳುವಾಗ ಈ ಮಾನ ಎಲ್ಲಿ ಹೋಗಿತ್ತು? ಇಟ್ಟುಕೊಳ್ಳಲೂ ಮನಸ್ಸಿಲ್ಲ, ಬಿಟ್ಟುಕೊಡಲೂ ಮನಸ್ಸಿಲ್ಲ. ಅಮ್ಮ ಫೋನ್ ಇಟ್ಟು ಸಾರಿಗೆ ಒಗ್ಗರಣೆ ಹಾಕಲು ಹೋದಳು. ಅವಳು ಕಿರುಚಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾನು ಅಜ್ಜಿಯನ್ನೇ ಹಿಡಿದುಕೊಂಡೆ. “ಹೋಗಲ್ಲ ಅನ್ನು ಅಜ್ಜಿ. ನೀನೇ ಅಂದ್ರೆ ಯಾರೇನು ಮಾಡ್ತಾರೆ?”

“ಅವ್ರ ಮರ್ಯಾದೆ ಕಳೀಬಾರ್ದು ಕಣೆ.”

“ನಿನ್ನ ಮರ್ಯಾದೆ?”

ಅವಳು ಅರೆಯಿಂದ ಸೀರೆಗಳನ್ನು ತೆಗೆದು ಬ್ಯಾಗಿಗೆ ತುಂಬತೊಡಗಿದಳು. ಮಾವಂದಿರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆಗ ಅವಳ ಮೇಲೆ ಬಂತು. ಆ ಕಂಬಕ್ಕೊರಗಿದ ಅತ್ತೆ ಇನ್ನೂ ಎಲ್ಲೋ ಕುಳಿತು ಕೆಮ್ಮುತ್ತಿದ್ದಾರೆ, ಇವಳು ಇನ್ನೂ ಹೆದರುತ್ತಿದ್ದಾಳೆ ಎನಿಸಿತು.

ಅಧಿಕ ಮುಗಿದ ಮರುದಿನ ನಡುವಿನ ಮಾವ ಆಟೊ ತಂದರು. ನಾವೆಲ್ಲ ಕೆಳಗಿಳಿದು ಗೇಟಿನ ಬಳಿ ನಿಂತೆವು. ಅಜ್ಜಿ ಹತ್ತಿ ಕುಳಿತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಮಾವ ಆಚೆ ಪಕ್ಕದಲ್ಲಿ ಡ್ರೈವರ್ ಜೊತೆ ಮೀಟರಿನ ಬಗ್ಗೆ ವಾದಕ್ಕೆ ನಿಂತಿದ್ದರು.

“ಅಳಿಯಂದ್ರೆ, ಮುಂದಿನ ಅಧಿಕ ಯಾವ ಮಾಸಕ್ಕೆ ಬರತ್ತೆ?” ಎಂದು ಅಜ್ಜಿ ಮೆಲ್ಲಗೆ ಕೇಳಿದಳು.

ಅಪ್ಪ ಮೊದಲೇ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. “ಜ್ಯೇಷ್ಠಕ್ಕಂತೆ ಅತ್ತೆ. ಇನ್ನು ಮೂರು ವರ್ಷ.”

ಅಜ್ಜಿ ಬೆರಳಿನ ಗೆಣ್ಣುಗಳ ಮೇಲೆ ಎಣಿಸಿದಳು. ಚೈತ್ರ, ವೈಶಾಖ, ಜ್ಯೇಷ್ಠ. ಅದು ದೊಡ್ಡ ಮಾವನ ಪಾಲಿನ ನಟ್ಟನಡುವೆ ಬೀಳುತ್ತದೆ. ಈ ಸಲದಂತೆ ಇಬ್ಬರ ಪಾಲಿನ ಸಂದಿಯಲ್ಲಲ್ಲ, ಜಗಳಕ್ಕೆ ಎಡೆಯೇ ಇಲ್ಲ, ಅವಳು ನಮ್ಮಲ್ಲಿಗೆ ಬರಲು ನೆಪವೂ ಇಲ್ಲ. ಅಮ್ಮನಿಗೂ ಅದು ಹೊಳೆದಿರಬೇಕು, ಅಷ್ಟು ದಿನ ತಡೆದುಕೊಂಡಿದ್ದವಳ ಕಣ್ಣು ತುಂಬಿತು.

ಅಜ್ಜಿ ಆಟೊದಿಂದ ಕೈಚಾಚಿ ಅವಳ ಕೈ ಹಿಡಿದುಕೊಂಡಳು.

“ಅಳ್ಬೇಡ ಕಣೆ. ದೊಡ್ಡ ಸೊಸೆ ಇದಾಳಲ್ಲ, ಅಧಿಕ ನಮ್ಮ ಲೆಕ್ಕಕ್ಕೆ ಬರಲ್ಲ ಅಂತ ಹೇಳೇ ಹೇಳ್ತಾಳೆ. ಆಗ ಬರ್ತೀನಿ.”