ಹಣೆಗೊತ್ತಿದ ಕಾಗದಗಳು

ಇದನ್ನು ಹೇಳುವುದನ್ನು ಹದಿನೇಳು ವರ್ಷ ಮುಂದೂಡಿದ್ದೇನೆ. ಇನ್ನೊಬ್ಬಳು ಕಂಡುಕೊಂಡದ್ದನ್ನು ನನ್ನದೆಂದು ಹೇಳಿಕೊಂಡೆ. ಅವಳ ಎದುರಿಗೇ ಹೇಳಿಕೊಂಡೆ. ಆಮೇಲೆ ನನಗೆ ಸಿಕ್ಕ ಮರ್ಯಾದೆಯೆಲ್ಲ ಆ ಒಂದು ಮಾತಿನಿಂದ ಬಂದದ್ದು. ಬೆಳಗಾವಿಯಲ್ಲಿ ನನ್ನನ್ನು ಬಲ್ಲವರು ಇದನ್ನು ಓದಿ ನಗಬಹುದು — ಮುದುಕ ತಪ್ಪೊಪ್ಪಿಕೊಳ್ಳಲು ಕೂತದ್ದು ಯಾವುದರ ಬಗ್ಗೆ, ಮುಖಕ್ಕೆ ಹಚ್ಚುವ ಪೌಡರಿನ ಬಗ್ಗೆಯೇ ಎಂದು. ನಗಲಿ.

ಆಗ ಖಾನಾಪುರದ ಬಜಾರಿನಲ್ಲಿ ನನ್ನದೊಂದು ಕಟ್ಲರಿ ಅಂಗಡಿ ಇತ್ತು. ಬಳೆ, ಟಿಕಳಿ, ರಿಬ್ಬನ್ನು, ಸ್ನೋ, ಪೌಡರು ಮಾರುವ ಅಂಗಡಿಗೆ ನಮ್ಮ ಕಡೆ ಕಟ್ಲರಿ ಎನ್ನುತ್ತಾರೆ. ನಾನು ಮ್ಯಾಟ್ರಿಕ್ ಓದಿದವನು. ಪೌಡರಿನ ಬಗ್ಗೆ ನನಗೆ ಗೊತ್ತಿದ್ದದ್ದು ಡಬ್ಬಿಯ ಬಣ್ಣ ಮಾತ್ರ. ಮಧ್ಯಾಹ್ನವಾಗುವುದರೊಳಗೆ ಮುಖವೆಲ್ಲ ಎಣ್ಣೆಯಾಗುತ್ತದೆ, ಅಗ್ಗದಲ್ಲಿ ಒಳ್ಳೆಯದು ಯಾವುದಿದೆ ಎಂದು ಹೆಣ್ಣುಮಕ್ಕಳು ಕೇಳಿದರೆ, ಯಾವ ಡಬ್ಬಿ ಬಹಳ ದಿನದಿಂದ ಮಾರಾಟವಾಗದೆ ಕೂತಿದೆಯೋ ಅದನ್ನೇ ಎತ್ತಿ ಕೊಡುತ್ತಿದ್ದೆ.

ಅವಳು ನನ್ನಲ್ಲಿ ಕೆಲಸಕ್ಕಿದ್ದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಎರಡು ಮಕ್ಕಳ ತಾಯಿ. ದಿನಾ ಗುಂಜಿಯಿಂದ ರೈಲಿಗೆ ಬರುತ್ತಿದ್ದಳು. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಹೇಗಾದರೂ ಬೆಳಗಾವಿಯಲ್ಲೊಂದು ಕೆಲಸ ಹಿಡಿದು ಮಕ್ಕಳನ್ನು ಅಲ್ಲಿಯ ಸಾಲೆಗೆ ಹಾಕಬೇಕು — ಅವಳಿಗಿದ್ದ ಆಸೆ ಅದೊಂದೇ. ಅದನ್ನು ನನಗೆ ಎಷ್ಟೋ ಸಲ ಹೇಳಿದ್ದಳು. ಅದಕ್ಕೇ ಇದನ್ನು ಬರೆಯಲು ಇಷ್ಟು ಕಷ್ಟ.

ಅವಳದೂ ಎಣ್ಣೆಯ ಮುಖವೇ. ಒಮ್ಮೆ ಗಿರಾಕಿಯೊಬ್ಬಳು, ನಿನ್ನ ಹಣೆಯ ಮೇಲೆ ಹಪ್ಪಳ ಕರಿಯಬಹುದು ಎಂದು ಚೇಷ್ಟೆ ಮಾಡಿದಾಗ ಅವಳು ಡಬ್ಬಿ ಒರೆಸುತ್ತಲೇ, "ಹಪ್ಪಳಾ ನೀವ ತರ್ರಿ ಅಕ್ಕಾರ, ಎಣ್ಣಿ ನಾ ಕೊಡ್ತೇನಿ" ಎಂದಳು. ಅಂಗಡಿ ತುಂಬ ನಗೆ. ಮರುದಿನದಿಂದ ಅವಳ ಪರೀಕ್ಷೆ ಶುರುವಾಯಿತು.

ಬಳೆ ಒಡೆಯದಿರಲೆಂದು ಡಬ್ಬಿಯೊಳಗೆ ತೆಳ್ಳನೆಯ ಬಿಳಿ ಕಾಗದ ಸುತ್ತಿರುತ್ತಾರೆ. ನಾನು ಅದನ್ನು ಕಸಕ್ಕೆ ಹಾಕುತ್ತಿದ್ದೆ. ಅವಳು ಅದನ್ನು ಅಂಗೈಯಗಲ ಕತ್ತರಿಸಿ ಇಟ್ಟುಕೊಂಡಳು. ಮುಖದ ಎಡಭಾಗಕ್ಕೆ ಒಂದು ಪೌಡರು, ಬಲಕ್ಕೆ ಇನ್ನೊಂದು ಹಚ್ಚಿಕೊಂಡು ಗುಂಜಿಯಲ್ಲಿ ರೈಲು ಹತ್ತುವಳು. ಅಂಗಡಿಗೆ ಬಂದೊಡನೆ ಹಣೆಯ ಎರಡೂ ಬದಿಗೆ ಕಾಗದ ಒತ್ತುವಳು. ಎರಡು ತಾಸಿಗೆ ಮತ್ತೊಮ್ಮೆ, ನಾಲ್ಕು ತಾಸಿಗೆ ಮತ್ತೊಮ್ಮೆ. ಎಣ್ಣೆ ಹತ್ತಿದಲ್ಲಿ ಕಾಗದ ಗಾಜಿನಂತಾಗುತ್ತಿತ್ತು. ಮೂಲೆಯಲ್ಲಿ ಪೌಡರಿನ ಹೆಸರು, ಎಷ್ಟನೆಯ ತಾಸು ಎಂದು ಬರೆದು, ಬಾಗಿಲ ಹತ್ತಿರದ ಹಗ್ಗಕ್ಕೆ ಸಾಲಾಗಿ ಸಿಕ್ಕಿಸುವಳು. ಹುಚ್ಚು ಎಂದುಕೊಂಡು ನಾನು ನನ್ನ ಗಲ್ಲಾ ನೋಡಿಕೊಂಡಿದ್ದೆ.

ಒಂದು ಬೆಳಿಗ್ಗೆ ಗಲ್ಲಾದ ಹಿಂದೆ ಕೂತವನು ತಲೆ ಎತ್ತಿದೆ. ಹೊರಗಿನ ಬಿಸಿಲು ಆ ಕಾಗದಗಳನ್ನು ಹಾಯ್ದು ಒಳಗೆ ಬರುತ್ತಿತ್ತು. ಒಂದರಲ್ಲಿ ಬೆಳಕಿನ ಚುಕ್ಕೆ ಎಳ್ಳಿನಷ್ಟು, ಪಕ್ಕದ್ದರಲ್ಲಿ ರೂಪಾಯಿಯಗಲ, ಅದರಾಚೆಯದು ಪೂರ್ತಿ ತಿಳಿ. ಯಾವ ಪೌಡರು ಎಷ್ಟು ಹೊತ್ತು ತಡೆಯಿತು ಎನ್ನುವುದು ಓದು ಬಾರದವನಿಗೂ ಕಾಣುವಂತಿತ್ತು. ಇಪ್ಪತ್ತು ವರ್ಷ ಆ ಡಬ್ಬಿಗಳ ನಡುವೆ ಕೂತಿದ್ದೆ, ನನಗೆ ಒಮ್ಮೆಯೂ —

ಅವಳು ಕಂಡುಕೊಂಡದ್ದು ಇದು. ಘಮಘಮಿಸುವ ದೊಡ್ಡ ಡಬ್ಬಿಯ ಪೌಡರು ಎರಡು ತಾಸಿಗೆ ಮೂಗಿನ ಪಕ್ಕ ನಾದಿದ ಹಿಟ್ಟಿನಂತೆ ಗಂಟುಕಟ್ಟುತ್ತದೆ. ಕನ್ನಡಿ ಇರುವ ಚಪ್ಪಟೆ ಡಬ್ಬಿಯ ಕಾಂಪ್ಯಾಕ್ಟು ಹಚ್ಚಿದ ಗಳಿಗೆಗೆ ಚಂದ, ಎಣ್ಣೆ ಹತ್ತಿದ ಮೇಲೆ ಕಪ್ಪು ಮೈಯವರಿಗೆ ಬೂದಿ ಬಳಿದಂತೆ. ಮುಲ್ತಾನಿ ಮಣ್ಣು ಬೆರೆಸಿದ್ದು ಎಣ್ಣೆಯನ್ನೇನೋ ಹೀರುತ್ತದೆ, ಆದರೆ ಕೆನ್ನೆ ಬಿರಿಯುತ್ತದೆ. ಎಲ್ಲಕ್ಕಿಂತ ಅಗ್ಗದ, ಕೂಸುಗಳಿಗೆ ಹಚ್ಚುವ ಪೌಡರೇ ಹೆಚ್ಚು ತಾಳಿತು — ಆದರೆ ಉಜ್ಜಬಾರದು, ಒತ್ತಬೇಕು. ಮುಖ ತೊಳೆದು ಪೂರ್ತಿ ಆರಿದ ಮೇಲೆ ಹಣೆ, ಮೂಗು, ಗದ್ದಕ್ಕೆ ಮಾತ್ರ. ಕೆನ್ನೆ ಬಿಡಬೇಕು.

ನನಗಾದರೆ ಅಷ್ಟು ಸಾಕಿತ್ತು. ಅವಳಿಗೆ ಸಾಲಲಿಲ್ಲ. "ನನ್ನ ಮಾರಿ ಒಂದ ನೋಡಿ ಹೇಳಾಕ ಬರೂದಿಲ್ಲ ಕಾಕಾ. ಕರೇ ಮಾರಿ, ಬಿಳೇ ಮಾರಿ, ಬೆವರೂ ಮಾರಿ — ಎಲ್ಲಾ ನೋಡಬೇಕು" ಎಂದು ಹಂಚಿನ ಫ್ಯಾಕ್ಟರಿಯ ಹೆಂಗಸರ ಊಟದ ಹೊತ್ತಿಗೆ ಕಾಗದ ಹಿಡಿದು ಹೋಗುತ್ತಿದ್ದಳು. ಭಟ್ಟಿಯ ಕಾವಿನಲ್ಲಿ ದುಡಿಯುವ ಆ ಹೆಂಗಸರು ನಗುತ್ತ ಹಣೆ ಕೊಡುತ್ತಿದ್ದರಂತೆ. ಹೀಗೆ ಯೋಚಿಸಲು ಅವಳಿಗೆ ಕಲಿಸಿದವರು ಯಾರು? ಯಾರೂ ಇಲ್ಲ. ಇವತ್ತಿಗೂ ನೆನೆದರೆ ಬೆರಗಾಗುತ್ತದೆ.

ಬೆಳಗಾವಿಯಿಂದ ಒಬ್ಬರು ಬಂದರು. ಪಟ್ಟಣದಲ್ಲಿ ದೊಡ್ಡ ಅಂಗಡಿ ತೆರೆಯುವವರಿದ್ದರು. ಗಿರಾಕಿಗಳ ಮುಖ ನೋಡಿ ಇಂಥದ್ದು ಹಚ್ಚಿರಿ ಎಂದು ಹೇಳಬಲ್ಲವರನ್ನು ಹುಡುಕುತ್ತಿದ್ದರು. ಹಗ್ಗದ ಮುಂದೆ ನಿಂತು ಒಂದೊಂದೇ ಕಾಗದ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು:

"ಇದ ಯಾರ ಕೆಲಸ ರೀ?"

ಅವಳು ಸ್ಟೂಲಿನ ಮೇಲೆ ನಿಂತು ಮೇಲಿನ ಹಲಗೆಯ ಡಬ್ಬಿ ಒರೆಸುತ್ತಿದ್ದಳು. ಬೆನ್ನು ನಮ್ಮ ಕಡೆಗಿತ್ತು. ನಾನು ಹೇಳಿದೆ —

"ನಂದ ರೀ."

ಅವರು ಅವಳತ್ತ ಕೈ ಮಾಡಿ, ಇವರು ಯಾರು ಎಂದರು. "ಅಕೀ ಡಬ್ಬಿ ಒರಸಾಕ ಬರ್ತಾಳ್ರೀ" ಎಂದೆ.

ಮೊದಲನೆಯ ಮಾತು ಬಾಯಿತಪ್ಪಿ ಬಂತೆಂದು ಯಾರಾದರೂ ನಂಬಬಹುದು. ಎರಡನೆಯದನ್ನು ನಾನು ಯೋಚಿಸಿ ಹೇಳಿದೆ.

ಒರೆಸುವ ಕೈ ನಿಲ್ಲಲಿಲ್ಲ. ಅವರು ಹೋದ ಮೇಲೆ ಅವಳು ಕೆಳಗಿಳಿದಳು, ಅರಿವೆ ಮಡಿಚಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಮ್ದ ಅಂದಿದ್ರೂ ನಡೀತಿತ್ತ, ಕಾಕಾ."

ನಂದ, ನಮ್ದ. ನಮ್ಮ ಬಾಯಲ್ಲಿ ಎರಡಕ್ಕೂ ಎಷ್ಟು ಸಣ್ಣ ಅಂತರ! ನಡುವೆ 'ಮ್' ಎಂದು ತುಟಿ ಒಮ್ಮೆ ಮುಚ್ಚಿದ್ದರೆ ಸಾಕಿತ್ತು. ಮುಂದೆ ಯಾರಾದರೂ ಕೇಳಿದಾಗ — ಒಮ್ಮೆ ನನ್ನ ಹೆಂಡತಿಯೇ ಕೇಳಿದಾಗ — ನಾನು "ನಮ್ದ" ಎಂದೇ ಹೇಳಿದ್ದೆ, ಬೆಳಗಾವಿಯವರಿಗೆ "ನಂದ" ಎಂದು ಕೇಳಿಸಿತು ಎಂದುಬಿಟ್ಟೆ. ಎಷ್ಟು ಸಲ ಹೇಳಿದೆನೆಂದರೆ ನನಗೇ ಅದು ಖರೆ ಅನ್ನಿಸತೊಡಗಿತ್ತು. ಅಲ್ಲ. ನಾನು "ನಂದ" ಎಂದೆ. ಅವಳು ಅರ್ಧ ಬಿಟ್ಟುಕೊಡಲು ತಯಾರಿದ್ದಳು, ಪೂರ್ತಿ ಅವಳದೇ ಆದದ್ದರಲ್ಲಿ. ಅದನ್ನೂ ನಾನು ಕೊಡಲಿಲ್ಲ.

ಮೂರು ದಿನ ಎಂದಿನಂತೆ ಬಂದಳು. ನಾಲ್ಕನೆಯ ದಿನ ಬರಲಿಲ್ಲ. ನಾನು ಅವಳ ಕಾಗದಗಳನ್ನು ರಟ್ಟಿಗೆ ಅಂಟಿಸಿ, ಅವಳ ಬರಹದ ಮೇಲೆ ನನ್ನ ಬರಹದ ಚೀಟಿ ಅಂಟಿಸಿ ಬೆಳಗಾವಿಗೆ ಒಯ್ದೆ. ಖಾನಾಪುರದ ಅಂಗಡಿ ಮುಚ್ಚಿ ಅವರ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅವಳು ಕೂರಬೇಕಿದ್ದ ಕುರ್ಚಿಯಲ್ಲಿ ಕೂತು, ಒತ್ತಬೇಕು, ಉಜ್ಜಬಾರದು ಎಂದು ಅವಳ ಮಾತನ್ನೇ ಹೇಳುತ್ತ ವರ್ಷಗಟ್ಟಲೆ ಶಹಾಣ್ಯಾ, ಜಾಣ ಅನ್ನಿಸಿಕೊಂಡೆ. ಮದುವಣಗಿತ್ತಿಯರು ನನ್ನನ್ನು ಕೇಳಿ ಪೌಡರು ಒಯ್ದರು.

ಒಮ್ಮೆ ಪೀರನವಾಡಿಯಲ್ಲಿ ಬಸ್ಸು ನಿಂತಾಗ ಅವಳನ್ನು ಕಂಡೆ. ರಸ್ತೆ ಬದಿಗೆ ಚೀಲ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು. ನಾನು ಚಪ್ಪಲಿ ಹುಡುಕುವವನಂತೆ ಸೀಟಿನ ಕೆಳಗೆ ಬಗ್ಗಿದೆ. ಬಸ್ಸು ಹೊರಟು ಎಷ್ಟೋ ಹೊತ್ತಾದರೂ ತಲೆ ಎತ್ತಲಿಲ್ಲ.

ಹೋದ ವಾರ ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳು ಫೋನು ಹಿಡಿದು ಬಂದಳು. ಯಾವುದೋ ಊರಿನ ಹುಡುಗಿ ಮುಖದ ಅರ್ಧಕ್ಕೆ ಒಂದು ಪೌಡರು, ಅರ್ಧಕ್ಕೆ ಇನ್ನೊಂದು ಹಚ್ಚಿಕೊಂಡು, ತಾಸು ಕಳೆದ ಮೇಲೆ ತೆಳ್ಳನೆಯ ಕಾಗದ ಒತ್ತಿ ತೋರಿಸುತ್ತಿದ್ದಳು. ಕಾಡಿನಂಚಿನ ಗುಂಜಿಯ ಹೆಂಗಸೊಬ್ಬಳು ಕಸದ ಕಾಗದದಲ್ಲಿ ಮಾಡಿದ್ದನ್ನು ಈಗ ಎಲ್ಲ ಊರಿನವರೂ ಕಣ್ಣರಳಿಸಿ ನೋಡುತ್ತಿದ್ದಾರೆ — ಅವಳು ಇದನ್ನು ನೋಡಿರಬಹುದೇ?

"ಅಜ್ಜಾ, ಇದನ್ನ ಎಲ್ಲಾರಕಿಂತ ಮದ್ಲ ಮಾಡಿದಾಂವ ನಮ್ಮಜ್ಜ ಅಂತ ಇದರ ಕೆಳಗ ಬರೀತೇನಿ" ಎಂದು ಮೊಮ್ಮಗಳು ಬೆರಳಾಡಿಸತೊಡಗಿದಳು.

ಬ್ಯಾಡ, ನಾನಲ್ಲ ಎಂದೆ.

"ಮತ್ತ್ ಯಾರು?"

ಎಲ್ಲ ಹೇಳಿದೆ. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನನ್ನನ್ನು ಬಹಳ ಪ್ರೀತಿಸುವ ಹುಡುಗಿ, ಅಂದಿನಿಂದ ಮಾತು ಕಡಿಮೆ ಮಾಡಿದ್ದಾಳೆ. ಅದು ಸರಿಯಾಗಿಯೇ ಇದೆ. ಗುಂಜಿಗೆ ಹೋಗುತ್ತೇನೆ. ಸಿಗುತ್ತಾಳೋ ಇಲ್ಲವೋ, ಸಿಕ್ಕರೆ ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ. ಏನಂದರೂ ನಿಂತು ಕೇಳಿಸಿಕೊಂಡು ಬರುತ್ತೇನೆ. ಅದಕ್ಕೂ ಮೊದಲು, ಚೀಟಿ ಅಂಟಿಸಿ ಅವಳ ಬರಹದ ಜೊತೆಗೇ ನಾನು ಮುಚ್ಚಿಹಾಕಿದ ಹೆಸರನ್ನು ಇಲ್ಲಿ ನನ್ನ ಕೈಯಿಂದಲೇ ಬರೆಯಬೇಕು. ನಾನು ಇಷ್ಟು ವರ್ಷ ಕ್ಷಮೆ ಕೇಳದೆ ಬಿಟ್ಟವಳ ಹೆಸರು — ಜುಬೇದಾ.